ಟೋಕಿಯೊದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ? ಮಗಳ ಪ್ರಾಜೆಕ್ಟ್ ಮುಗಿಸಿದ ಅನುಭವ

ಮಗಳ ಪ್ರಾಜೆಕ್ಟ್ ಕೊನೆಗೂ ಟೀಚರ್ ಕೈ ಸೇರಿತು. ಹಾಳೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಟೋಕಿಯೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ದೂರ ಕಂಡುಹಿಡಿಯಿರಿ, ವಿಧಾನವನ್ನು ವಿವರಿಸಿ. ಓದಿದ ತಕ್ಷಣ ಐದು ನಿಮಿಷದ ಕೆಲಸ ಅನ್ನಿಸುತ್ತದೆ, ಅಲ್ವಾ? ನೆಟ್‌ನಲ್ಲಿ ಹುಡುಕುವುದು, ಸಿಕ್ಕ ಸಂಖ್ಯೆ ಬರೆಯುವುದು, ಮುಗೀತು. ಆದರೆ ವಿಧಾನ ಬರೆಯಬೇಕು ಅಂದ ಕೂಡಲೇ ಆಟ ಬದಲಾಗುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಹೇಳಬೇಕಾಗುತ್ತದೆ. ಅದನ್ನು ಹೇಳಲು ಹೊರಟ ನಾವು ಒಂದಾದ ಮೇಲೊಂದು ಗೋಜಲಿಗೆ ಸಿಕ್ಕಿಕೊಂಡೆವು. ಇಂಥ ಪ್ರಾಜೆಕ್ಟ್ ಇನ್ನೂ ಎಷ್ಟೋ ಮಕ್ಕಳಿಗೆ ಬರುತ್ತದೆ, ಊರುಗಳ ಹೆಸರು ಮಾತ್ರ ಬೇರೆ ಇರುತ್ತದೆ. ಅವರಿಗೂ ಅವರ ಮನೆಯವರಿಗೂ ದಾರಿ ಸುಲಭವಾಗಲಿ ಎಂದು ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಮಗಳು ಶುರು ಮಾಡಿದ್ದು ನೆಟ್‌ನಿಂದಲೇ. ಒಂದು ಕಡೆ 8,270 ಅಂತ ಸಿಕ್ಕಿತು. ಇನ್ನೊಂದು ಕಡೆ 5,140. ಮತ್ತೊಂದು ಕಡೆ 4,465. "ಅಮ್ಮಾ, ಇದರಲ್ಲಿ ಯಾವುದು ನಿಜ?" ಅಂತ ಕೇಳಿದಳು. ಮೂರೂ ನಿಜವೇ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ಹಡಗು ಮತ್ತು ವಿಮಾನದವರು ಬಳಸುವ ನಾಟಿಕಲ್ ಮೈಲಿ. 1 ಮೈಲಿ ಅಂದರೆ 1.609 ಕಿ.ಮೀ. 1 ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಗುಣಿಸಿ ನೋಡಿದರೆ ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ಸಂಖ್ಯೆಯನ್ನು ನಕಲು ಮಾಡುವ ಮೊದಲು ಅದರ ಪಕ್ಕದಲ್ಲಿರುವ ಅಳತೆಯನ್ನು ನೋಡಿ. ಸಂಖ್ಯೆ ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ, ಅಳತೆ ಮಾತ್ರ ಸಣ್ಣಕ್ಷರದಲ್ಲಿ ಅಡಗಿ ಕೂತಿರುತ್ತದೆ.

ಅಳತೆಯನ್ನು ಸರಿಮಾಡಿಕೊಂಡ ಮೇಲೂ ಉತ್ತರಗಳು ಪೂರ್ತಿ ಹೊಂದಲಿಲ್ಲ. ಐವತ್ತು ಅರವತ್ತು ಕಿ.ಮೀ. ಆಚೆ ಈಚೆ ಆಗುತ್ತಲೇ ಇತ್ತು. ಕಾರಣ ಹುಡುಕಿದಾಗ ಗೊತ್ತಾಯಿತು, ಒಬ್ಬರು ಊರಿನ ನಡುವಿನಿಂದ ಅಳೆದಿರುತ್ತಾರೆ, ಇನ್ನೊಬ್ಬರು ವಿಮಾನ ನಿಲ್ದಾಣದಿಂದ. ಟೋಕಿಯೊದ ನರಿಟಾ ವಿಮಾನ ನಿಲ್ದಾಣ ಊರಿನ ನಡುವಿನಿಂದ ಸುಮಾರು 60 ಕಿ.ಮೀ. ಪೂರ್ವಕ್ಕಿದೆ. ಪೂರ್ವಕ್ಕೆ ಅಂದರೆ ಅಮೆರಿಕದ ಕಡೆಗೇ ಆಯಿತು. ಅಲ್ಲಿಂದ ಅಳೆದರೆ ದೂರ ಕಡಿಮೆ ಬರಲೇಬೇಕು.

ಎಲ್ಲಿಂದ ಎಲ್ಲಿಗೆ ಅಂತ ಟೀಚರ್‌ ಅವರನ್ನೇ ಕೇಳುವುದು ಅಂತ ತೀರ್ಮಾನಿಸಿದೆವು. ಅವರು ರಜೆಯಲ್ಲಿದ್ದರು. ಕಾಯಬೇಕಾಯಿತು. ಕೊಡಬೇಕಾದ ದಿನ ಹತ್ತಿರ ಬರುತ್ತಿದ್ದರೂ ಉತ್ತರ ಬಾರದೆ ಮಗಳು ಚಡಪಡಿಸಿದಳು. ಬಂದ ಮೇಲೆ ಅವರು ಹೇಳಿದ್ದು ಇಷ್ಟು: ಊರಿನ ನಡುವಿನಿಂದ ಊರಿನ ನಡುವಿಗೆ, ಭೂಮಿಯ ಮೇಲ್ಮೈ ಮೇಲೆ ಅತಿ ಹತ್ತಿರದ ದಾರಿ. ನೀವು ಮಾತ್ರ ಹೀಗೆ ಕಾಯಬೇಡಿ, ಪ್ರಾಜೆಕ್ಟ್ ಹಾಳೆ ಕೈಗೆ ಬಂದ ದಿನವೇ ಈ ಎರಡು ಪ್ರಶ್ನೆ ಕೇಳಿಬಿಡಿ. ಯಾವ ಜಾಗದಿಂದ ಯಾವ ಜಾಗಕ್ಕೆ? ಯಾವ ದಾರಿ ಹಿಡಿದು? ಇವೆರಡು ಗೊತ್ತಿಲ್ಲದಿದ್ದರೆ ದೂರ ಅನ್ನುವುದಕ್ಕೆ ಅರ್ಥವೇ ಇಲ್ಲ.

ಆ ಕಾಯುವ ಹೊತ್ತನ್ನು ನಾವು ಸುಮ್ನೆ ಕಳೆಯಲಿಲ್ಲ. ಮೊದಲು ಫೋನಿನ ಮ್ಯಾಪ್ ತೆರೆದು ದಾರಿ ಕೇಳಿದೆವು. ದಾರಿ ಸಿಗಲಿಲ್ಲ ಅಂತ ಬಂತು. ಮಧ್ಯೆ ಪೆಸಿಫಿಕ್ ಸಾಗರ ಇದೆಯಲ್ಲ, ರಸ್ತೆ ತೋರಿಸು ಅಂದರೆ ಪಾಪ ಅದು ಏನು ತೋರಿಸೀತು? ಮ್ಯಾಪಿನಲ್ಲಿ ದಾರಿ ಹುಡುಕುವ ಗುಂಡಿ ಬೇರೆ, ದೂರ ಅಳೆಯುವ ಸೌಲಭ್ಯ ಬೇರೆ. ಗೂಗಲ್ ಅರ್ಥ್‌ನಲ್ಲಿ ಸ್ಕೇಲಿನ ಚಿತ್ರ ಇರುತ್ತದೆ. ಅದನ್ನು ಒತ್ತಿ ಎರಡೂ ಊರುಗಳ ಮೇಲೆ ಚುಕ್ಕೆ ಇಟ್ಟರೆ ದೂರ ಬರುತ್ತದೆ. ಆದರೆ ಉತ್ತರ ಬಂತು ಅಂತ ಅಲ್ಲಿಗೇ ನಿಲ್ಲಿಸಲು ಮಗಳಿಗೆ ಮನಸ್ಸಿರಲಿಲ್ಲ. ಯಂತ್ರ ಹೇಳಿತು ಅನ್ನುವುದು ವಿಧಾನ ಹೇಗಾಗುತ್ತದೆ ಅಂತ ಅವಳ ವಾದ. ಅವಳು ಹೇಳಿದ್ದು ಸರಿಯಾಗೇ ಇತ್ತು.

ಹಾಗಾಗಿ ಅಟ್ಲಾಸ್ ತೆಗೆದೆವು. ಪ್ರಪಂಚದ ಭೂಪಟದ ಕೆಳಗೆ ಸ್ಕೇಲ್ ಕೊಟ್ಟಿರುತ್ತಾರೆ, ಇಷ್ಟು ಸೆಂಟಿಮೀಟರ್‌ಗೆ ಇಷ್ಟು ಕಿಲೋಮೀಟರ್ ಅಂತ. ಮಗಳು ಅಡಿಪಟ್ಟಿ ಇಟ್ಟು ಅಳೆದು ಗುಣಿಸಿದಳು. ಬಂದದ್ದು 29 ಸಾವಿರ ಕಿಲೋಮೀಟರ್‌ಗೂ ಜಾಸ್ತಿ!

ಈ ಸಂಖ್ಯೆ ಇರಲು ಸಾಧ್ಯವೇ ಇಲ್ಲ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಸಮಭಾಜಕ ವೃತ್ತದ ಮೇಲೆ ಭೂಮಿಯ ಸುತ್ತಳತೆ 40,075 ಕಿ.ಮೀ. ನೀವು ಎಲ್ಲೇ ನಿಂತಿರಿ, ನಿಮ್ಮಿಂದ ಅತಿ ದೂರದ ಜಾಗ ಅಂದರೆ ಭೂಮಿಯ ಸರಿಯಾಗಿ ಆಚೆ ಬದಿ. ಅಲ್ಲಿಗೆ ಸುತ್ತಳತೆಯ ಅರ್ಧ, ಅಂದರೆ ಸುಮಾರು 20,000 ಕಿ.ಮೀ. ಅದಕ್ಕಿಂತ ದೂರ ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ ಇಲ್ಲ. ಉತ್ತರ 20 ಸಾವಿರ ದಾಟಿತು ಅಂದರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ಎಡವಟ್ಟು ಇದ್ದದ್ದು ಭೂಪಟದ ಅಂಚಿನಲ್ಲಿ. ಆ ಭೂಪಟದ ನಡುವೆ ಅಟ್ಲಾಂಟಿಕ್ ಸಾಗರ ಇತ್ತು. ಸ್ಯಾನ್ ಫ್ರಾನ್ಸಿಸ್ಕೊ ಎಡಗಡೆ, ಟೋಕಿಯೊ ಬಲಗಡೆ ತುದಿಯಲ್ಲಿ. ಅಡಿಪಟ್ಟಿ ಅಮೆರಿಕ, ಅಟ್ಲಾಂಟಿಕ್, ಯುರೋಪ್, ಇಡೀ ಏಷ್ಯಾ ಎಲ್ಲ ದಾಟಿ ಜಪಾನ್ ಮುಟ್ಟಿತ್ತು. ಭೂಮಿಯನ್ನು ಬೇಡದ ಕಡೆಯಿಂದ ಸುತ್ತಿ ಬಂದ ಹಾಗಾಯಿತು. ಆ ಪುಟದ ಜೆರಾಕ್ಸ್ ತೆಗೆದು, ಅಟ್ಲಾಂಟಿಕ್ ನಡುವೆ ಕತ್ತರಿಸಿ, ಎರಡು ಹೊರ ಅಂಚುಗಳನ್ನು ಒಂದಕ್ಕೊಂದು ಅಂಟಿಸಿದೆವು. ಈಗ ಪೆಸಿಫಿಕ್ ನಡುವೆ ಬಂತು. ಎರಡೂ ಊರು ಎದುರುಬದುರಾದವು. ನಿಮ್ಮ ಊರುಗಳು ಪೆಸಿಫಿಕ್‌ನ ಆಚೆ ಈಚೆ ಇದ್ದರೆ ಈ ಕತ್ತರಿ ಕೆಲಸವನ್ನು ಮೊದಲೇ ಮಾಡಿಕೊಳ್ಳಿ.

ಗಡಿಯಾರದಿಂದಲೂ ಈ ಗೊಂದಲ ಬರಬಹುದು. ಟೋಕಿಯೊಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಚಳಿಗಾಲದಲ್ಲಿ 17 ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ 16. ಅಷ್ಟು ಗಂಟೆ ಅಂದರೆ ಎಷ್ಟು ದೂರವೋ ಅಂತ ಮಗಳು ಬೆರಗಾದಳು. ನಡುವೆ ದಿನ ಬದಲಾಗುವ ಗೆರೆ ಇರುವುದರಿಂದ ಹಾಗೆ ಕಾಣುತ್ತದೆ. 24ರಲ್ಲಿ 17 ಕಳೆದರೆ ಉಳಿಯುವುದು 7. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವ ಲೆಕ್ಕದಲ್ಲಿ 105 ಡಿಗ್ರಿ. ನಿಜವಾದ ರೇಖಾಂಶ ವ್ಯತ್ಯಾಸ 98 ಡಿಗ್ರಿಯಷ್ಟು ಇದೆ, ಅಂದಾಜಿಗೆ ಸಾಕು.

ಅಂಟಿಸಿದ ಭೂಪಟದಲ್ಲಿ ಅಳೆದಾಗ ಸುಮಾರು 10,900 ಕಿ.ಮೀ. ಬಂತು. 20 ಸಾವಿರದ ಒಳಗೇ ಇತ್ತು, ಆದರೂ ನೆಟ್‌ನ ಉತ್ತರಕ್ಕಿಂತ 2,600 ಕಿ.ಮೀ. ಜಾಸ್ತಿ. ಇಲ್ಲಿ ಮಗಳ ತಾಳ್ಮೆ ತಪ್ಪಿತು. ಪೆನ್ಸಿಲ್ ಮೇಜಿನ ಮೇಲೆ ಹಾಕಿ ಎದ್ದು ಹೋದಳು. ನನಗೂ ಬೇಸರವಾಯಿತು. ಅವಳು ಅಳೆದದ್ದರಲ್ಲಿ ಏನೂ ತಪ್ಪಿರಲಿಲ್ಲ, ಗೆರೆ ನೇರವಾಗಿತ್ತು, ಗುಣಾಕಾರ ಸರಿಯಾಗಿತ್ತು.

ತೊಂದರೆ ಚಪ್ಪಟೆ ಭೂಪಟದ್ದು. ಗುಂಡಗಿನ ಭೂಮಿಯನ್ನು ಕಾಗದದ ಮೇಲೆ ಹರಡಬೇಕೆಂದರೆ ಎಲ್ಲೋ ಹಿಗ್ಗಿಸಲೇಬೇಕು. ನಮ್ಮ ಅಟ್ಲಾಸಿನಲ್ಲಿ ಇದ್ದದ್ದು ಮರ್ಕೇಟರ್ ಭೂಪಟ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಇದನ್ನು ಮಾಡಿದ್ದು ನಾವಿಕರಿಗಾಗಿ. ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಹೋಗುವ ದಾರಿ ಇದರಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಸಮುದ್ರದಲ್ಲಿ ಅದು ದೊಡ್ಡ ಅನುಕೂಲ. ಆದರೆ ಧ್ರುವದ ಕಡೆ ಹೋದಷ್ಟೂ ಎಲ್ಲ ಹಿಗ್ಗುತ್ತಾ ಹೋಗುತ್ತದೆ. 60 ಡಿಗ್ರಿ ಅಕ್ಷಾಂಶದ ಹತ್ತಿರ ದೂರಗಳು ಇಮ್ಮಡಿಯಾಗಿ ಕಾಣುತ್ತವೆ. ಈ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದು ಅನ್ನಿಸುತ್ತದೆ, ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು. ನಮ್ಮ ಎರಡು ಊರುಗಳು ಇರುವ 36, 37 ಡಿಗ್ರಿಯಲ್ಲೇ ಕಾಲು ಭಾಗದಷ್ಟು ಹಿಗ್ಗಿರುತ್ತದೆ. ಭೂಪಟದ ಕೆಳಗಿನ ಸ್ಕೇಲ್ ಸರಿಹೊಂದುವುದು ಸಮಭಾಜಕದ ಬಳಿ ಮಾತ್ರ. ಹತ್ತಿರದ ಎರಡು ಊರಿಗೆ ಜಿಲ್ಲೆಯ ಅಥವಾ ರಾಜ್ಯದ ಭೂಪಟ ಮತ್ತು ಅಡಿಪಟ್ಟಿ ಧಾರಾಳವಾಗಿ ಸಾಕು. ಸಾಗರದಾಚೆಯ ಊರಿಗೆ ಅದನ್ನು ನಂಬಬೇಡಿ.

ಆ ಹಿಗ್ಗನ್ನು ತೆಗೆದು ಲೆಕ್ಕ ಹಾಕಿದರೆ 8,720ರ ಹತ್ತಿರ ಬರುತ್ತದೆ. ಇನ್ನೂ 450 ಕಿ.ಮೀ. ಹೆಚ್ಚೇ. ಅದು ಎಲ್ಲಿಂದ ಬಂತು ಅಂತ ಕಾಗದದ ಮೇಲೆ ಎಷ್ಟು ಹೊತ್ತು ನೋಡಿದರೂ ಹೊಳೆಯುವುದಿಲ್ಲ. ಅದಕ್ಕೆ ಗ್ಲೋಬ್ ಬೇಕು.

ಶಾಲೆಯಲ್ಲಿ ಗ್ಲೋಬ್ ಇತ್ತು, ಬೀರುವಿನ ಒಳಗೆ. ಬೀಗದ ಕೈ ಇದ್ದವರು ಸಿಗುವ ತನಕ ಮತ್ತೆ ಕಾಯಬೇಕಾಯಿತು. ಕೊನೆಗೆ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅಂತ ಅನುಮತಿ ಸಿಕ್ಕಿತು, ನನಗೂ ಜೊತೆಗೆ ಕೂರಲು ಬಿಟ್ಟರು. ಹೋಗುವಾಗ ಹೊಲಿಗೆ ದಾರ, ಅಡಿಪಟ್ಟಿ, ಒಂದು ಬೆರಳಿಗಿಂತ ಕಡಿಮೆ ಅಗಲದ ಉದ್ದನೆಯ ಕಾಗದದ ಪಟ್ಟಿ ತೆಗೆದುಕೊಂಡು ಹೋಗಿದ್ದೆವು. ಖರ್ಚು ಅಂತ ಆದದ್ದು ಜೆರಾಕ್ಸಿಗೆ ಮಾತ್ರ.

ದಾರದ ಒಂದು ತುದಿಯನ್ನು ಮಗಳು ಟೋಕಿಯೊ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಎಳೆದಳು. ನಯವಾದ ಪ್ಲಾಸ್ಟಿಕ್ ಮೇಲೆ ದಾರ ಜಾರುತ್ತಲೇ ಇತ್ತು. ಎರಡೂ ಊರು ಒಂದೇ ಎತ್ತರದಲ್ಲಿವೆಯಲ್ಲ, ದಾರ ಅಕ್ಷಾಂಶದ ಗೆರೆಯ ಗುಂಟ ಅಡ್ಡಡ್ಡ ಕೂರಬೇಕು ಅಂತ ಅವಳು ಅದನ್ನು ಬೆರಳಿನಿಂದ ಕೆಳಗೆ ಒತ್ತುತ್ತಿದ್ದಳು. ಕೈ ಬಿಟ್ಟು ಬಿಗಿಯಾಗಿ ಎಳೆದರೆ ಸಾಕು, ಅದು ಪುಟಿದು ಮೇಲೆ ಹೋಗುತ್ತಿತ್ತು. ಜಪಾನ್ ಬಿಟ್ಟು ಈಶಾನ್ಯಕ್ಕೆ ಏರಿ, ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳ ಸರಪಳಿಯ ಸ್ವಲ್ಪ ಕೆಳಗಿನಿಂದ ಹಾದು, ಆಮೇಲೆ ಕ್ಯಾಲಿಫೋರ್ನಿಯಾ ಕಡೆ ಇಳಿಯಿತು. ನಾನು ಕಾಗದದ ಪಟ್ಟಿಯನ್ನು ಕೊಟ್ಟೆ. ಪಟ್ಟಿ ದಾರದ ಹಾಗೆ ಜಾರುವುದಿಲ್ಲ, ಸುಕ್ಕಾಗದೆ ಪಕ್ಕಕ್ಕೆ ಬಾಗುವುದೂ ಇಲ್ಲ. ಅದನ್ನು ಗ್ಲೋಬಿನ ಮೇಲೆ ಅಂಟಿದ ಹಾಗೆ ಚಪ್ಪಟೆಯಾಗಿ ಕೂರಿಸಿದರೆ ತಾನಾಗಿಯೇ ಹತ್ತಿರದ ದಾರಿಯ ಮೇಲೆ ಕೂರುತ್ತದೆ. ಅದೂ ಅಲ್ಯೂಷಿಯನ್ ಕಡೆಗೇ ಹೋಯಿತು. "ಅಮ್ಮಾ, ಮೇಲಿನಿಂದ ಸುತ್ತಿ ಹೋದರೇ ಹತ್ತಿರ!" ಅಂತ ಅವಳು ಕೂಗಿದ ದನಿಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ನನಗೂ ಮೈ ಜುಮ್ಮೆಂದಿತು. ಇಷ್ಟು ವರ್ಷ ಭೂಪಟ ನೋಡುತ್ತಾ ಬಂದವಳಿಗೆ ಪ್ರಪಂಚದ ಆಕಾರ ಮೊದಲ ಸಲ ಕೈಗೆ ಸಿಕ್ಕಿದ ಹಾಗಾಯಿತು.

ಇದನ್ನೇ ಮಹಾವೃತ್ತ ಅನ್ನುತ್ತಾರೆ. ಭೂಮಿಯನ್ನು ಸರಿಯಾಗಿ ಎರಡು ಸಮಪಾಲು ಮಾಡುವ ವೃತ್ತ. ಎರಡು ಊರುಗಳ ಮೂಲಕ ಹಾದುಹೋಗುವ ಮಹಾವೃತ್ತದ ಚಿಕ್ಕ ತುಂಡೇ ಅವುಗಳ ನಡುವಿನ ಅತಿ ಹತ್ತಿರದ ದಾರಿ. ಸಮಭಾಜಕ ಒಂದು ಮಹಾವೃತ್ತ, ರೇಖಾಂಶದ ಗೆರೆಗಳು ಮಹಾವೃತ್ತದ ಅರ್ಧಗಳು. ಬೇರೆ ಅಕ್ಷಾಂಶದ ಗೆರೆಗಳು ಮಹಾವೃತ್ತಗಳಲ್ಲ, ಅದಕ್ಕೇ ಅವುಗಳ ಗುಂಟ ಹೋದರೆ ಸುತ್ತುದಾರಿ. ಆ 450 ಕಿ.ಮೀ. ಬಂದದ್ದು ಇಲ್ಲಿಂದ.

ಅಳತೆಗೆ ಗ್ಲೋಬಿನ ಮೇಲಿನ ಸ್ಕೇಲ್ ಹುಡುಕುವ ಅಗತ್ಯವೇ ಇಲ್ಲ. ಎರಡು ಊರುಗಳ ನಡುವಿನ ಉದ್ದವನ್ನು ಪಟ್ಟಿಯ ಮೇಲೆ ಗುರುತು ಮಾಡಿ, ಅದೇ ಪಟ್ಟಿಯನ್ನು ಸಮಭಾಜಕದ ಮೇಲಿಡಿ. ಗ್ಲೋಬಿನ ಎರಡು ಅರ್ಧ ಕೂಡಿಸಿದ ಉಬ್ಬು ಅಲ್ಲೇ ಇರುತ್ತದೆ, ಪಟ್ಟಿಯನ್ನು ಅದಕ್ಕೆ ಒತ್ತಿ ಹಿಡಿಯಲು ಅನುಕೂಲ. ನಮ್ಮ ಗ್ಲೋಬಿನಲ್ಲಿ 15 ಡಿಗ್ರಿಗೊಂದು ಗೆರೆ ಇತ್ತು. ನಮ್ಮ ಗುರುತು ಐದು ಮನೆಗೆ ಕೂದಲೆಳೆಯಷ್ಟು ಕಡಿಮೆ ಬಂತು. ಅಂದರೆ 75 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಸಮಭಾಜಕದ ಮೇಲೆ 1 ಡಿಗ್ರಿ ಅಂದರೆ 111 ಕಿ.ಮೀ. ಚಿಲ್ಲರೆ. ಹಾಗಾಗಿ ದೂರ 8,300ರ ಆಸುಪಾಸು. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ 1 ಮಿಲಿಮೀಟರ್ ಹೆಚ್ಚುಕಡಿಮೆಯಾದರೆ 42 ಕಿ.ಮೀ. ವ್ಯತ್ಯಾಸ. ಗ್ಲೋಬಿನಿಂದ ಇದಕ್ಕಿಂತ ನಿಖರತೆ ಬಯಸಬಾರದು. ಇನ್ನೊಂದು ಮಾತು, ಗ್ಲೋಬ್ ಹಿಡಿದಿರುವ ಕಮಾನು ಪಟ್ಟಿಗೆ ಅಡ್ಡ ಬಂದರೆ ಗ್ಲೋಬನ್ನು ತಿರುಗಿಸಿಕೊಳ್ಳಿ. ಎಳೆದರೆ ಉದ್ದವಾಗುವ ಉಲ್ಲನ್ ದಾರವಂತೂ ಬೇಡವೇ ಬೇಡ.

ಉಳಿದದ್ದು ಲೆಕ್ಕ. ಇದಕ್ಕೆ ಎರಡೂ ಊರಿನ ಅಕ್ಷಾಂಶ, ರೇಖಾಂಶ ಬೇಕು. ಅಟ್ಲಾಸಿನ ಹಿಂದಿನ ಸೂಚಿಯಲ್ಲಿ ಟೋಕಿಯೊಗೆ 35 ಡಿಗ್ರಿ 41 ನಿಮಿಷ ಉತ್ತರ, 139 ಡಿಗ್ರಿ 41.5 ನಿಮಿಷ ಪೂರ್ವ ಅಂತ ಇತ್ತು. ಸ್ಯಾನ್ ಫ್ರಾನ್ಸಿಸ್ಕೊಗೆ 37 ಡಿಗ್ರಿ 46 ನಿಮಿಷ ಉತ್ತರ, 122 ಡಿಗ್ರಿ 25 ನಿಮಿಷ ಪಶ್ಚಿಮ. ಇಲ್ಲಿ ಹುಷಾರಾಗಿರಿ. 35 ಡಿಗ್ರಿ 41 ನಿಮಿಷ ಅಂದರೆ 35.41 ಅಲ್ಲ. ಡಿಗ್ರಿಗೆ 60 ನಿಮಿಷ, ಹಾಗಾಗಿ 41ನ್ನು 60ರಿಂದ ಭಾಗಿಸಿ 35.68 ಅಂತ ತೆಗೆದುಕೊಳ್ಳಬೇಕು. ಆ ಸಣ್ಣ ವ್ಯತ್ಯಾಸವೇ ನೆಲದ ಮೇಲೆ 30 ಕಿ.ಮೀ. ಆಗುತ್ತದೆ. ಹೀಗೆ ಟೋಕಿಯೊ 35.68 ಮತ್ತು 139.69, ಸ್ಯಾನ್ ಫ್ರಾನ್ಸಿಸ್ಕೊ 37.77 ಮತ್ತು 122.42. ಒಂದು ಪೂರ್ವ, ಒಂದು ಪಶ್ಚಿಮ, ಹಾಗಾಗಿ ರೇಖಾಂಶಗಳನ್ನು ಕೂಡಿಸಬೇಕು. 262.11 ಬರುತ್ತದೆ. ಅದು 180ಕ್ಕಿಂತ ಹೆಚ್ಚಾದ್ದರಿಂದ 360ರಿಂದ ಕಳೆಯಿರಿ, 97.89.

ಸೂತ್ರವನ್ನು ಮಾತಿನಲ್ಲೇ ಹೇಳುತ್ತೇನೆ. ಸೈನ್, ಕಾಸ್ ಅಂದರೆ ಸೈಂಟಿಫಿಕ್ ಕ್ಯಾಲ್ಕುಲೇಟರ್‌ನ sin, cos ಗುಂಡಿಗಳು. ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ. ಎರಡು ಅಕ್ಷಾಂಶಗಳ ಕಾಸ್ ಮತ್ತು ರೇಖಾಂಶ ವ್ಯತ್ಯಾಸದ ಕಾಸ್, ಈ ಮೂರನ್ನೂ ಗುಣಿಸಿ. ಎರಡು ಗುಣಲಬ್ಧಗಳನ್ನು ಕೂಡಿಸಿ, ಕಾಸ್ ಇನ್ವರ್ಸ್ ತೆಗೆಯಿರಿ. ಬರುವುದು ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನ. ನಮಗೆ ಮೊದಲ ಗುಣಲಬ್ಧ 0.3572, ಎರಡನೆಯದು ಮೈನಸ್ 0.0881. ಕೂಡಿಸಿದರೆ 0.2691. ಕಾಸ್ ಇನ್ವರ್ಸ್ 74.39 ಡಿಗ್ರಿ. ಗ್ಲೋಬಿನ ಮೇಲೆ 75ಕ್ಕೆ ಕೂದಲೆಳೆ ಕಡಿಮೆ ಅಂತ ನೋಡಿದ್ದೆವಲ್ಲ, ಅದೇ ಕೋನ! ಮಗಳು ಕುರ್ಚಿಯಿಂದ ಎದ್ದು ಕುಣಿದಳು. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡರೆ ಡಿಗ್ರಿಗೆ 111.2 ಕಿ.ಮೀ. ಗುಣಿಸಿದರೆ 8,272. ಡಿಗ್ರಿಯನ್ನು 60ರಿಂದ ಗುಣಿಸಿದರೆ ನಾಟಿಕಲ್ ಮೈಲಿ ಬರುತ್ತದೆ, ಏಕೆಂದರೆ ಮಹಾವೃತ್ತದ ಒಂದು ನಿಮಿಷದ ಉದ್ದವೇ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ. ಮೊದಲು ನೆಟ್‌ನಲ್ಲಿ ಸಿಕ್ಕಿದ್ದ 4,465ರ ಹತ್ತಿರವೇ ಅದೂ ಬಂತು.

ಈ ಲೆಕ್ಕಕ್ಕೆ ಕೂರುವ ಮೊದಲು ಕ್ಯಾಲ್ಕುಲೇಟರ್‌ನಲ್ಲಿ ಸೈನ್ 30 ಒತ್ತಿ ನೋಡಿ. 0.5 ಬಂದರೆ ಸರಿ. ಮೈನಸ್ 0.988 ಅಂತ ಬಂದರೆ ಅದು ರೇಡಿಯನ್‌ನಲ್ಲಿದೆ (ಕೋನದ ಇನ್ನೊಂದು ಅಳತೆ), ಡಿಗ್ರಿಗೆ ಬದಲಾಯಿಸಿಕೊಳ್ಳಬೇಕು. ಕಂಪ್ಯೂಟರಿನ ಎಕ್ಸೆಲ್ ಯಾವಾಗಲೂ ರೇಡಿಯನ್ನೇ ಕೇಳುತ್ತದೆ. ನಾವು ಎರವಲು ತಂದ ಕ್ಯಾಲ್ಕುಲೇಟರ್ ಕೂಡ ರೇಡಿಯನ್‌ನಲ್ಲೇ ಇತ್ತು, ಅದನ್ನು ಬದಲಿಸುವ ಗುಂಡಿ ಹುಡುಕುವುದರಲ್ಲೇ ಒಂದು ಸಂಜೆ ಹೋಯಿತು.

8,270ಕ್ಕೂ 8,272ಕ್ಕೂ ಎರಡು ಕಿ.ಮೀ. ವ್ಯತ್ಯಾಸ ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಗುಂಡಗಿದೆ ಅಂತ ಇಟ್ಟುಕೊಂಡ ಲೆಕ್ಕದಲ್ಲಿ ಶೇ. 0.5ರವರೆಗೂ ತಪ್ಪು ಇರಬಹುದು. ನಮ್ಮ ದೂರಕ್ಕೆ ಅದು 40 ಕಿ.ಮೀ. ತನಕ ಆಗುತ್ತದೆ. ಹಾಗಾಗಿ ಮಗಳು "ಸುಮಾರು 8,270 ಕಿ.ಮೀ." ಅಂತ ಬರೆದಳು. ಆ "ಸುಮಾರು" ಇರಲಿ ಅಂತ ನಾನು ಒತ್ತಾಯ ಮಾಡಿದೆ. ದಶಾಂಶ ಬಿಂದುವಿನ ಮುಂದೆ ಅಂಕಿಗಳನ್ನು ಸಾಲಾಗಿ ಬರೆದರೆ ನಿಖರವಾಗಿ ಕಾಣುತ್ತದೆ, ಆದರೆ ನಮ್ಮ ವಿಧಾನಕ್ಕೆ ಅಷ್ಟು ನಿಖರತೆ ಇಲ್ಲ.

ನೆಲದೊಳಗಿಂದ ನೇರ ಸುರಂಗ ಕೊರೆದರೆ ಎಷ್ಟು ಅಂತಲೂ ಕೇಳಿದಳು. ಅದನ್ನೂ ಹಾಕಿ ನೋಡಿದೆವು, ಸುಮಾರು 7,700 ಕಿ.ಮೀ. ಪ್ರಾಜೆಕ್ಟಿಗೆ ಬೇಕಿರಲಿಲ್ಲ. ಆದರೂ ಕೊನೆಯ ಪುಟದಲ್ಲಿ ಸೇರಿಸಿದಳು, ಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ.

ಸಲ್ಲಿಸಿದ ದಿನ ಟೀಚರ್ ಮೌಖಿಕವಾಗಿ ಕೆಲವು ಪ್ರಶ್ನೆ ಕೇಳಿದರಂತೆ. ಎರಡು ಕಡೆಗೂ ದೂರ ಒಂದೇ ಅಂದಮೇಲೆ ವಿಮಾನಕ್ಕೆ ಟೋಕಿಯೊದಿಂದ ಹೋಗಲು ಒಂಬತ್ತು ಗಂಟೆ ಚಿಲ್ಲರೆ, ವಾಪಸ್ ಬರಲು ಹನ್ನೊಂದು ಗಂಟೆ ಯಾಕೆ ಅಂತ ಒಂದು ಪ್ರಶ್ನೆ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಬಿರುಗಾಳಿ ಬೀಸುತ್ತದೆ. ಹೋಗುವಾಗ ಅದು ತಳ್ಳುತ್ತದೆ, ಬರುವಾಗ ತಡೆಯುತ್ತದೆ. ಅದಕ್ಕೇ ಪೈಲಟ್‌ಗಳು ಗಾಳಿ ನೋಡಿಕೊಂಡು ಮಹಾವೃತ್ತದಿಂದ ಅಷ್ಟಿಷ್ಟು ಪಕ್ಕಕ್ಕೂ ಹೋಗುತ್ತಾರೆ. ಇದನ್ನು ಮಗಳು ಮೊದಲೇ ಓದಿಕೊಂಡಿದ್ದಳು. ಯಾರಾದರೂ ವಿಮಾನದ ಸಮಯವನ್ನು ವೇಗದಿಂದ ಗುಣಿಸಿ ದೂರ ಕಂಡುಹಿಡಿಯಬಹುದಲ್ಲ ಅಂದರೆ, ಬೇಡ ಅನ್ನಲು ಇದೇ ಕಾರಣ.

ನಿಮ್ಮ ಮಗುವಿಗೆ ಸಿಕ್ಕ ಊರುಗಳಲ್ಲಿ ಒಂದು ದಕ್ಷಿಣಾರ್ಧಗೋಳದಲ್ಲಿದ್ದರೆ ಅದರ ಅಕ್ಷಾಂಶಕ್ಕೆ ಮೈನಸ್ ಹಾಕಬೇಕು, ಸಿಡ್ನಿ, ಕೇಪ್‌ಟೌನ್, ಬ್ಯೂನಸ್ ಐರಿಸ್ ಎಲ್ಲ ಹಾಗೆ. ಎರಡೂ ಊರು ಪೂರ್ವದಲ್ಲೇ ಅಥವಾ ಎರಡೂ ಪಶ್ಚಿಮದಲ್ಲೇ ಇದ್ದರೆ ರೇಖಾಂಶಗಳನ್ನು ಕೂಡಿಸದೆ ಕಳೆಯಬೇಕು. ಕಾಗದದ ಪಟ್ಟಿಯನ್ನು ಮಾತ್ರ ಬಿಸಾಡಬೇಡಿ. ನಾವು ಗುರುತುಗಳ ಸಮೇತ ಅದನ್ನು ಪ್ರಾಜೆಕ್ಟ್ ಪುಸ್ತಕದಲ್ಲಿ ಅಂಟಿಸಿದ್ದೆವು, ಟೀಚರ್ ಮೊದಲು ಕೇಳಿದ್ದೇ ಅದರ ಬಗ್ಗೆ.